ಟೈರ್ ಒಂದೇ, ಕೆಲಸ ಎರಡು

ಆಟೋಕ್ರಾಸ್ ಅಂದ್ರೆ ಕೋನ್‌ಗಳ ನಡುವೆ ಒಂದೊಂದೇ ಕಾರು ಸಮಯದ ಜೊತೆ ಸೆಣಸೋ ಓಟ. ಅಮೆರಿಕದ ಎಸ್‌ಸಿಸಿಎ ಅನ್ನೋ ಕಾರ್ ಕ್ಲಬ್ ನಡೆಸೋ ಆಟೋಕ್ರಾಸ್‌ನಲ್ಲಿ, ಸ್ಟ್ರೀಟ್ ಅನ್ನೋ ವರ್ಗದ ಕಾರುಗಳ ಟೈರಿಗೆ ಟ್ರೆಡ್‌ವೇರ್ ಅಂಕ (ಟೈರ್ ಎಷ್ಟು ಬಾಳಿಕೆ ಬರುತ್ತೆ ಅನ್ನೋ ಅಂಕ; ಕಡಿಮೆ ಇದ್ದಷ್ಟೂ ಬೇಗ ಸವೆಯುತ್ತೆ) ಕನಿಷ್ಠ 200 ಇರಬೇಕು. ಹಾಗಂತ 200 ಇದ್ದದ್ದೆಲ್ಲ ಒಂದೇ ಅಲ್ಲ. ಅಂಕ ಕೊಡೋದು ಟೈರ್ ಕಂಪನಿಯೇ! 200ರ ಟೈರಿನ ಮೆತ್ತನೆ ರಬ್ಬರು ಕೋನ್‌ಗಳ ನಡುವೆ ಅಂಟಿಕೊಂಡು ಓಡುತ್ತೆ ನಿಜ. ಆದರೆ ಬೇಗ ಸವೆಯುತ್ತೆ, ನಿಂತ ನೀರಲ್ಲಿ ತೇಲುತ್ತೆ, 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗಿ ಹಿಡಿತ ಬಿಡುತ್ತೆ.

ಸ್ಪರ್ಧೆಯಲ್ಲಿ ಒಂದು ರನ್ (ಒಂದು ಸಲದ ಓಟ) ಸುಮಾರು ಒಂದು ನಿಮಿಷ. ಮಿಕ್ಕ ವಾರವೆಲ್ಲ ಟೈರ್ ತಿನ್ನೋದು ಆಫೀಸಿನ ದಾರಿ. ಒಂದೇ ಸೆಟ್ ಸಾಕು ಅನ್ನೋರಿಗೆ ಮಿಷೆಲಿನ್ ಪೈಲಟ್ ಸ್ಪೋರ್ಟ್ 4ಎಸ್ ತರಹದ 300ರ ಸಮ್ಮರ್ ಟೈರೇ ಸರಿ.

ಟೈರಿನ ಗಾಳಿ ಸಾಕಾ ಅಂತ ನೋಡೋಕೆ ಸೀಮೆಸುಣ್ಣ ಸಾಕು. ಟೈರಿನ ಅಂಚಿಗೆ ಬಳಿದು ಒಂದು ರನ್ ಓಡಿಸಿ. ಸುಣ್ಣ ಟೈರಿನ ಪಕ್ಕದ ಮೈವರೆಗೂ ಅಳಿಸಿದ್ರೆ ತಿರುವಲ್ಲಿ ಟೈರ್ ಮಗುಚುತ್ತಿದೆ, 2 ಪಿಎಸ್‌ಐ ಏರಿಸಿ. ಮನೆಗೆ ಹೊರಡೋ ಮುಂಚೆ ಕಾರಿನ ಬಾಗಿಲ ಸ್ಟಿಕ್ಕರಿನಲ್ಲಿರೋ ಗಾಳಿ ಅಳತೆಗೆ ಇಳಿಸಿ.