ಒಬ್ಬರು ಸೂಪರ್ ಅಂತಾರೆ, ಇನ್ನೊಬ್ಬರು ಬೋರ್ ಅಂತಾರೆ, ಯಾರನ್ನು ನಂಬೋದು?

ಪುಸ್ತಕ ಓದುವ ಚಟ ಇದೆ ಅಂತ ನಾಲ್ಕು ಜನಕ್ಕೆ ಗೊತ್ತಾದರೆ ಸಾಕು, ಈ ಪ್ರಶ್ನೆ ತಪ್ಪಿದ್ದಲ್ಲ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ, ಆಫೀಸಿನ ಕ್ಯಾಂಟೀನಿನಲ್ಲಿ ಕೇಳುತ್ತಾರೆ, ಪುಸ್ತಕದಂಗಡಿಯಲ್ಲೇ ನಿಂತು ಫೋನ್ ಮಾಡಿ ಕೇಳುವವರೂ ಇದ್ದಾರೆ. "ಅದೇ ಪುಸ್ತಕ. ಒಬ್ಬರು ಕಾದಂಬರಿ ಅಂದರೆ ಇದು ಅಂತಾರೆ, ಇನ್ನೊಬ್ಬರು ಐವತ್ತು ಪುಟ ದಾಟೋಕಾಗಲಿಲ್ಲ ಅಂತಾರೆ. ಯಾರನ್ನ ನಂಬೋದು?"

ಬೋರ್ ಅಂದವರನ್ನು ನಂಬಿ. ಆದರೆ ಯಾಕೆ ಬೋರ್ ಆಯ್ತು ಅಂತ ಕೇಳದೆ ಬಿಡಬೇಡಿ.

ಹೊಗಳುವವರ ಮಾತೆಲ್ಲ ಒಂದೇ ಥರ ಇರುತ್ತೆ, ಗಮನಿಸಿದ್ದೀರಾ? ಅದ್ಭುತ, ಮನಮುಟ್ಟುವ ಕೃತಿ, ಎಲ್ಲರೂ ಓದಲೇಬೇಕು. ಈ ಮಾತನ್ನು ಕಾದಂಬರಿಗೂ ಹಚ್ಚಬಹುದು, ಪ್ರವಾಸಕಥನಕ್ಕೂ ಹಚ್ಚಬಹುದು, ಉಪ್ಪಿನಕಾಯಿ ಹಾಕೋದು ಹೇಗೆ ಅನ್ನೋ ಪುಸ್ತಕಕ್ಕೂ ಹಚ್ಚಬಹುದು. ಬೈಯುವವರು ಹಾಗಲ್ಲ. ದುಡ್ಡು ಕೊಟ್ಟಿರುತ್ತಾರೆ, ಎರಡು ಭಾನುವಾರ ಹಾಳಾಗಿರುತ್ತೆ, ಸಿಟ್ಟಿನಲ್ಲಿ ವಿವರಕ್ಕೆ ಇಳಿಯುತ್ತಾರೆ. ಆ ವಿವರ ಎಷ್ಟೋ ಸಲ ಬೆನ್ನುಡಿಗಿಂತ ಚೆನ್ನಾಗಿ ಪುಸ್ತಕ ಎಂಥದ್ದು ಅಂತ ಹೇಳಿಬಿಡುತ್ತೆ.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ತಗೊಳ್ಳಿ. 1967ರಲ್ಲಿ ಬಂದ ಕಾದಂಬರಿ. ಇದನ್ನು ಅರ್ಧಕ್ಕೆ ಬಿಟ್ಟ ಗೆಳೆಯನೊಬ್ಬ ನನಗೆ ಹೇಳಿದ್ದು ಹೀಗೆ: "ಶುರುವಲ್ಲಿ ಗುತ್ತಿ ಅಂತ ಒಬ್ಬ ನಾಯಿ ಜೊತೆ ಹೊರಡ್ತಾನೆ, ಇವನೇ ಹೀರೋ ಅಂದ್ಕೊಂಡೆ. ಸ್ವಲ್ಪ ಹೊತ್ತಿಗೆ ನೋಡಿದ್ರೆ ಊರು ತುಂಬ ಹೀರೋಗಳು. ಯಾರು ಯಾರ ಮಗ, ಯಾರ ಮನೆ ಎಲ್ಲಿ ಅಂತ ಚೀಟಿಲಿ ಬರ್ಕೋಬೇಕು. ಕಥೆ ಮುಂದಕ್ಕೇ ಹೋಗಲ್ಲ ಮಾರಾಯ." ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಗುತ್ತಿ ತನ್ನ ತಿಮ್ಮಿಯನ್ನು ಹಾರಿಸಿಕೊಂಡು ಬರುವ ಲೆಕ್ಕಾಚಾರದಲ್ಲಿ, ಹುಲಿಯ ಅನ್ನೋ ನಾಯಿಯನ್ನು ಕರೆದುಕೊಂಡು ಕಾಡುದಾರಿ ಹಿಡಿಯುತ್ತಾನೆ. ದಾರಿಯಲ್ಲಿ ಸಿಕ್ಕ ಮನೆಗೆ ಅವನು ಹೋದರೆ ಕಾದಂಬರಿಯೂ ಆ ಮನೆಯೊಳಕ್ಕೆ ಹೋಗುತ್ತೆ. ಅಲ್ಲಿಯ ಹೆಗ್ಗಡೆಯವರ ಸಾಲ, ಜಗಳ, ಕೊಟ್ಟಿಗೆ, ಕೆಸರು ಎಲ್ಲ ನೋಡುತ್ತೆ. ಐತ-ಪೀಂಚಲು ಬರುತ್ತಾರೆ, ಮುಕುಂದಯ್ಯ-ಚಿನ್ನಮ್ಮ ಬರುತ್ತಾರೆ, ಸೈಕಲ್ಲು ಹಿಡಿದುಕೊಂಡು ಒಬ್ಬ ಪಾದ್ರಿ ಬರುತ್ತಾನೆ, ಆ ಎರಡು ಚಕ್ರದ ಮೇಲೆ ಮನುಷ್ಯ ಬೀಳದೆ ಹೇಗೆ ಕೂರುತ್ತಾನೆ ಅಂತ ಊರಿಗೆ ಊರೇ ಬೆರಗಾಗುತ್ತೆ. ಗುತ್ತಿ ಎಲ್ಲಿ ಹೋದ ಅಂತ ನಾವು ಕಾಯುತ್ತಾ ಇರುತ್ತೇವೆ, ಕುವೆಂಪು ಅವರಿಗೆ ಮಾತ್ರ ಒಂಚೂರೂ ಅವಸರ ಇಲ್ಲ. ನನ್ನ ಗೆಳೆಯನಿಗೆ ಬೇಕಿದ್ದದ್ದು ಓಡುವ ಕಥೆ. ಅವನ ದೂರು ಕೇಳಿದ ಇನ್ನೊಬ್ಬಳು ಅದೇ ಕಾರಣಕ್ಕೆ ಪುಸ್ತಕ ತರಿಸಿಕೊಂಡಳು. "ಮಳೆಗಾಲ ಪೂರ್ತಿ ಓದಬಹುದು ಅಂದಹಾಗಾಯ್ತು" ಅಂದಳು.

ಇದೇ ಆಟವನ್ನು ಬೇರೆ ಪುಸ್ತಕಗಳ ಮೇಲೂ ಆಡಿ ನೋಡಿ. ತೇಜಸ್ವಿಯವರ 'ಕರ್ವಾಲೊ' ಬಗ್ಗೆ ಕೇಳಿದರೆ, "ಅಷ್ಟೆಲ್ಲ ಅಲೆದು ಕೊನೆಗೆ ಆ ಹಾರುವ ಓತಿ ಕೈಗೇ ಸಿಗಲ್ಲ" ಅಂತ ಮುಖ ಸಿಂಡರಿಸುವವರಿದ್ದಾರೆ. ಹೌದು, ಸಿಗಲ್ಲ. ಸಿಕ್ಕಿದ್ದರೆ ಅದು ಬೇರೆ ಪುಸ್ತಕ ಆಗುತ್ತಿತ್ತು. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಬಗ್ಗೆ "ಗಿಡದ ಹೆಸರು ಜಾಸ್ತಿ" ಅನ್ನುತ್ತಾರೆ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರು ಶಿಷ್ಯರನ್ನು ಕಟ್ಟಿಕೊಂಡು ಕಾಡು ಸುತ್ತಿದ ಪುಸ್ತಕದಲ್ಲಿ ಗಿಡದ ಹೆಸರಲ್ಲದೆ ಇನ್ನೇನಿರುತ್ತೆ ಹೇಳಿ. ಹುಡುಗರ ಕೀಟಲೆ ಬರುವ ಕಡೆ ಮಾತ್ರ ಓದಿ ನಕ್ಕು, ಲ್ಯಾಟಿನ್ ಹೆಸರು ಬಂದ ಕಡೆ ಹಾರಿಸಿದರೂ ನಷ್ಟವಿಲ್ಲ, ನಾನೂ ಮೊದಲ ಸಲ ಹಾಗೇ ಓದಿದ್ದು.

ಒಂದೇ ದೂರು ಎಲ್ಲ ಬಗೆಯ ಪುಸ್ತಕಕ್ಕೂ ಒಂದೇ ತೂಕ ಅಲ್ಲ. "ಮುಂದೇನಾಗುತ್ತೆ ಅಂತ ಮೊದಲೇ ಗೊತ್ತಾಗಿಬಿಡ್ತು" ಅನ್ನೋ ಮಾತು ನೋಡಿ. ಪತ್ತೇದಾರಿ ಕಾದಂಬರಿಗೆ ಈ ಮಾತು ಬಂದರೆ ಮುಗೀತು, ಆ ಪುಸ್ತಕ ಕೆಲಸ ಕೆಟ್ಟಿದೆ ಅಂತಲೇ ಅರ್ಥ. ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು, ಅವರ ಪತ್ತೇದಾರ ಪುರುಷೋತ್ತಮನ ಹಿಂದೆ ಒಂದು ತಲೆಮಾರಿನ ಓದುಗರೇ ಬಿದ್ದಿದ್ದರು. ಅವರಿಗೆಲ್ಲ ಬೇಕಿದ್ದದ್ದು ಕೊನೆ ಪುಟದವರೆಗೂ ಗುಟ್ಟು ಬಿಡದ ಕಥೆ. ಅದೇ ಮಾತನ್ನು ಭೈರಪ್ಪನವರ 'ಪರ್ವ'ಕ್ಕೆ ಹೇಳಿ ನೋಡೋಣ. ಮಹಾಭಾರತದ ಕೊನೆಯಲ್ಲಿ ಯಾರು ಗೆಲ್ಲುತ್ತಾರೆ ಅಂತ ಯಾರಿಗೆ ಗೊತ್ತಿಲ್ಲ? 1979ರಲ್ಲಿ ಅದು ಬಂದಾಗಲೂ ಎಲ್ಲರಿಗೂ ಗೊತ್ತಿತ್ತು. 'ಪರ್ವ'ದ ಮೇಲೆ ಬರುವ ಸಿಟ್ಟೇ ಬೇರೆ: "ಕೃಷ್ಣನನ್ನೂ ಮನುಷ್ಯ ಮಾಡಿಬಿಟ್ಟಿದ್ದಾರೆ, ಪವಾಡ ಒಂದೂ ಇಲ್ಲ, ಯುದ್ಧ ಅಂದರೆ ಬರೀ ಹೆಣದ ನಾತ." ಇದನ್ನು ಕೇಳಿ ನಿಮಗೆ ಕಸಿವಿಸಿ ಆದರೆ ಬಿಟ್ಟುಬಿಡಿ. ಓಹೋ ಹೌದಾ ಅನ್ನಿಸಿದರೆ ತಗೊಳ್ಳಿ. ಎರಡಕ್ಕೂ ಒಂದೇ ಮಾತು ಸಾಕಾಯ್ತಲ್ವಾ.

ನನ್ನ ಪಾಲಿಗೆ ಇಂಥ ದೂರುಗಳ ದೊಡ್ಡ ಗಣಿ ನಮ್ಮ ಚಿಕ್ಕಮ್ಮ. ತ್ರಿವೇಣಿ ಕಾದಂಬರಿಗಳನ್ನು ಓದಿ ಬೆಳೆದವರು. ನಾನು ಕೊಟ್ಟ ಪುಸ್ತಕ ಹಿಡಿಸದಿದ್ದರೆ ಎಲ್ಲಿ ನಿಂತರೋ ಅಲ್ಲಿ ಹಳೇ ಬಸ್ ಟಿಕೆಟ್ ಇಟ್ಟು ವಾಪಸ್ ಮಾಡುತ್ತಾರೆ. ನಾನು ಮೊದಲು ನೋಡೋದೇ ಟಿಕೆಟ್ ಎಲ್ಲಿದೆ ಅಂತ. ವಿವೇಕ ಶಾನಭಾಗರ 'ಘಾಚರ್ ಘೋಚರ್' ಕೊಟ್ಟಾಗ ಪೂರ್ತಿ ಓದಿದ್ದರು, ಟಿಕೆಟ್ ಇರಲಿಲ್ಲ, ಆದರೆ ಸಿಟ್ಟು ಜಾಸ್ತಿ ಇತ್ತು. "ಕೊನೆಗೆ ಏನಾಯ್ತು ಅಂತಾನೇ ಹೇಳಲ್ವಲ್ಲೋ! ಇರುವೆ ಸಾಯ್ಸೋದನ್ನ ಅಷ್ಟುದ್ದ ಬರೆದಿದಾರೆ, ಅದನ್ನ ಎರಡು ಸಾಲಲ್ಲಿ ಹೇಳಬಾರದಿತ್ತಾ?" ಅಂದರು. ಬಡತನದಲ್ಲಿದ್ದ ಮನೆಯವರೆಲ್ಲ ಸೇರಿ ಇರುವೆಗಳ ಮೇಲೆ ಮುಗಿಬೀಳುವ ಆ ಪುಟಗಳೇ ನನಗೆ ಆ ಪುಸ್ತಕದ ಜೀವ. ಮುಂದೆ ದುಡ್ಡು ಬಂದ ಮೇಲೆ ಇದೇ ಜನ ಏನು ಮಾಡಬಲ್ಲರು ಅನ್ನೋ ಅನುಮಾನ ಅಲ್ಲೇ ಹುಟ್ಟೋದು. ಹಾಗಂತ ಚಿಕ್ಕಮ್ಮನ ಓದು ಕಮ್ಮಿ ಅಂತ ಅಲ್ಲ. ನಾನು ಇಷ್ಟಪಟ್ಟ ಎರಡು ಜಾಗಗಳನ್ನೇ ಅವರೂ ಸರಿಯಾಗಿ ಹಿಡಿದಿದ್ದರು. ಅವರು "ಮಧ್ಯದಲ್ಲಿ ಬಿಟ್ಟುಬಿಡ್ತಾರೆ ಕಣೋ" ಅಂದ ಪುಸ್ತಕವನ್ನು ನಾನು ಈಗ ಕಣ್ಣುಮುಚ್ಚಿ ಕೊಳ್ಳುತ್ತೇನೆ. ನಿಮ್ಮ ಅಭಿರುಚಿಗೆ ಉಲ್ಟಾ ಇರುವ, ಆದರೆ ಗಮನ ಕೊಟ್ಟು ಓದುವ ಒಬ್ಬರನ್ನು ಹುಡುಕಿಕೊಳ್ಳಿ. ನಿಮ್ಮ ಥರವೇ ಇರುವ ಹತ್ತು ಜನರಿಗಿಂತ ಅವರು ಉಪಯೋಗಕ್ಕೆ ಬರುತ್ತಾರೆ.

ಇನ್ನು ಕೆಲವು ದೂರು ಪುಸ್ತಕದ್ದಲ್ಲ, ಓದಿದ ರೀತಿಯದ್ದು. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್'ಗೆ ಇಂಟರ್‌ನ್ಯಾಷನಲ್ ಬೂಕರ್ ಬಂತು. ಅನುವಾದ ಮಾಡಿದ್ದು ದೀಪಾ ಭಾಸ್ತಿ. ಅಲ್ಲಿಂದ ಎಲ್ಲರ ಕೈಯಲ್ಲೂ ಅದೇ. ಆಮೇಲೆ ಶುರುವಾಯ್ತು: "ಎಲ್ಲ ಕಥೆಲೂ ಹೆಂಗಸರ ಕಷ್ಟಾನೇ, ಎಲ್ಲ ಒಂದೇ ಥರ." ಎಷ್ಟು ದಿನದಲ್ಲಿ ಓದಿದ್ರಿ ಅಂದರೆ ಒಂದು ವೀಕೆಂಡ್ ಅಂತಾರೆ. 1990ರಿಂದ 2023ರವರೆಗೆ ಬರೆದ ಕಥೆಗಳಿಂದ ಆರಿಸಿದ 12 ಕಥೆ ಅವು. ಮೂವತ್ತು ವರ್ಷದ್ದನ್ನು ಶನಿವಾರ-ಭಾನುವಾರದಲ್ಲಿ ಮುಗಿಸಿದರೆ ಒಂದರ ಮೇಲೊಂದು ಕೂತು ಎಲ್ಲ ಒಂದೇ ಅನ್ನಿಸದೆ ಇರುತ್ತಾ? ವಾರಕ್ಕೊಂದು ಕಥೆ ಓದಿ, ಆಮೇಲೂ ಹಾಗನ್ನಿಸಿದರೆ ಆಗ ಮಾತಾಡೋಣ.

ದೇವನೂರ ಮಹಾದೇವ ಅವರ 'ಕುಸುಮಬಾಲೆ' ಬಗ್ಗೆ ಬರುವ ದೂರೂ ಹೀಗೇ: "ಇದು ಯಾವ ಕನ್ನಡ ರೀ, ಒಂದೂ ಅರ್ಥ ಆಗಲ್ಲ." ನಂಜನಗೂಡು ಸೀಮೆಯ ಆಡುಮಾತು ಅದು. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ, ಆದರೆ ಪ್ರಶಸ್ತಿ ಬಂತು ಅಂತ ಭಾಷೆ ಸುಲಭ ಆಗಲ್ಲವಲ್ಲ. ಧಾರವಾಡ ಕಡೆಯ ಗೆಳೆಯರೊಬ್ಬರಿಗೆ ಗಟ್ಟಿಯಾಗಿ ಓದಿ ನೋಡಿ ಅಂದೆ. ರಾತ್ರಿ ಹೊತ್ತು ದೀಪಗಳು, ಅಂದರೆ ಜೋತಮ್ಮಗಳು, ಸೇರಿಕೊಂಡು ಹರಟುವ ಭಾಗವನ್ನು ಜೋರಾಗಿ ಓದತೊಡಗಿದರು. ಮೊದಲು ತಡವರಿಸಿದರು, ಸ್ವಲ್ಪ ಹೊತ್ತಿಗೆ ನಗೋಕೆ ಶುರು ಮಾಡಿದರು. ಕಣ್ಣಿಗೆ ತೊಡಕಾಗಿದ್ದು ಕಿವಿಗೆ ಆಗಲಿಲ್ಲ.

ಕವಿತೆ ಬಗ್ಗೆ ಈ ಪ್ರಶ್ನೆ ನನ್ನನ್ನು ಯಾರೂ ಕೇಳಲ್ಲ, ಹಾಗಾಗಿ ಬಚಾವ್.

ಯಾರ ಮಾತನ್ನು ಲೆಕ್ಕಕ್ಕೆ ತಗೋಬಾರದು ಅಂತಲೂ ಹೇಳಿಬಿಡುತ್ತೇನೆ. ಪರೀಕ್ಷೆಗೆ ಅಂತ ಓದಿದವರದ್ದು ಬೇಡ. ಡಿಗ್ರಿಯಲ್ಲಿ ಹತ್ತು ಅಂಕದ ಪ್ರಶ್ನೆಗೆ ಪಾತ್ರಚಿತ್ರಣ ಬಾಯಿಪಾಠ ಮಾಡಿದವರಿಗೆ ಆ ಪುಸ್ತಕದ ಮೇಲಿರೋದು ಹಗೆ. ಹಾಗೇ 2007ರಲ್ಲಿ ಭೈರಪ್ಪನವರದೇ ಕಾದಂಬರಿ 'ಆವರಣ' ಬಂದಾಗ ಆದ ಜಗಳ ನೆನಪಿದೆಯಾ? ಓದದೇ ಇದ್ದವರೂ ಪರ-ವಿರೋಧ ಮಾತಾಡಿದರು. ಅಂಥ ಪುಸ್ತಕದ ಬಗ್ಗೆ ಅಭಿಪ್ರಾಯ ಕೇಳಿದರೆ ಹೇಳಿದವರು ಯಾವ ಕಡೆ ಅಂತ ಗೊತ್ತಾಗುತ್ತೆ, ಪುಸ್ತಕ ಹೇಗಿದೆ ಅಂತ ಗೊತ್ತಾಗಲ್ಲ. ಸುಮ್ನೆ ಲೈಬ್ರರಿಯಿಂದ ತಂದು ಓದಿಬಿಡೋದು ಬೇಗ.

ಇಷ್ಟೆಲ್ಲ ಹೇಳಿದ ಮೇಲೆ ಜಾಣರು ಕೊನೆಗೊಂದು ಕೇಳುತ್ತಾರೆ. ಹಾಗಾದರೆ ನಿಮಗೆ ಬೋರ್ ಹೊಡೆಸಿದ ಒಳ್ಳೇ ಪುಸ್ತಕ ಯಾವುದು? ಮಾಸ್ತಿಯವರ 'ಚಿಕವೀರ ರಾಜೇಂದ್ರ'. ಕೊಡಗಿನ ಕೊನೆಯ ರಾಜನ ಕಥೆ. 1834ರಲ್ಲಿ ಇಂಗ್ಲಿಷರು ರಾಜ್ಯ ಕಿತ್ತುಕೊಂಡ ಗದ್ದಲ ಪೂರ್ತಿ ಅದರಲ್ಲಿದೆ. ರಾಜ ಎಂಥ ಕೇಡಿನ ಕೆಲಸ ಮಾಡಿದರೂ ಮಾಸ್ತಿ ದನಿ ಏರಿಸಲ್ಲ, ಜಗುಲಿಯಲ್ಲಿ ಕೂತು ಪಕ್ಕದ ಮನೆ ವಿಷಯ ಹೇಳಿದ ಹಾಗೆ ಹೇಳಿಕೊಂಡು ಹೋಗುತ್ತಾರೆ. ಎಲ್ಲೂ ಕೂಗಿಲ್ಲ, ಬೈಗುಳ ಇಲ್ಲ, ಓದುವವರ ಕೈ ಹಿಡಿದು ಇವನನ್ನು ದ್ವೇಷಿಸು ಅನ್ನಲ್ಲ. ನನಗೆ ಒಗ್ಗಲಿಲ್ಲ. ಇದನ್ನು ಓದಿ ನಿಮಗೆ ಬೇಕು ಅನ್ನಿಸಿದ್ದರೆ ನನ್ನ ಹತ್ತಿರ ಒಂದು ಪ್ರತಿ ಇದೆ, ಅರ್ಧ ಹೊಸದು, ಬಂದು ತಗೊಂಡು ಹೋಗಿ.