ಕಾಡುಸೊಪ್ಪಿನ ಕ್ಯಾಲೆಂಡರ್: ಮಳೆಗಾಲದ ಪುಟಗಳು

ಬಿಳಿಗಿರಿರಂಗನ ಬೆಟ್ಟದ ಸೋಲಿಗ ಆದಿವಾಸಿಗಳ ಪೋಡುಗಳಲ್ಲಿ, ಅಂದರೆ ಹಾಡಿಗಳಲ್ಲಿ, ಯಾವ ಕಾಲಕ್ಕೆ ಯಾವ ಸೊಪ್ಪು, ಯಾವ ಗೆಡ್ಡೆ ಅಂತ ಬರೆದಿಡುವ ನನ್ನ ಕೆಲಸ ಈಗ ಮಳೆಗಾಲದ ಪುಟಗಳಿಗೆ ಬಂದಿದೆ. ಅಣ್ಣೆ, ಗಣಕೆ, ತಗಚೆ, ಹೊನಗೊನೆ ಸೇರಿವೆ. ಅಣಬೆಯನ್ನು ಬೇಕಂತಲೇ ಬಿಟ್ಟಿದ್ದೇನೆ, ಫೋಟೊ ನೋಡಿ ಯಾರಾದರೂ ಕಿತ್ತು ತಿಂದರೆ ಕಷ್ಟ.

ಅಣ್ಣೆ ಸೊಪ್ಪಿನ ಪುಟ ಚೆನ್ನಾಗಿ ಬಂದಿದೆ. ಅಜ್ಜಿಯೊಬ್ಬರು ಹೊಲದ ಅಂಚಿನಲ್ಲಿ ಕೀಳುವಾಗ ಪಕ್ಕದಲ್ಲೇ ಕೂತಿದ್ದೆ. ಗಿಡವನ್ನು ಬುಡಸಮೇತ ಎಳೆಯುವುದಿಲ್ಲ, ಉಗುರಿನಲ್ಲಿ ಕುಡಿ ಮಾತ್ರ ಚಿವುಟುತ್ತಾರೆ, ಕೆಳಗಿಂದ ಮತ್ತೆ ಚಿಗುರುತ್ತದೆ. ಹೂ ಬಿಟ್ಟ ಗಿಡ ತೋರಿಸಿದರೆ "ಅದ್ರಲ್ಲೇನಿದ್ದದು ಕಣವ್ವ, ಬರೀ ನಾರು" ಅಂದರು. ಮನೆಯಲ್ಲಿ ಕಾಳಿನ ಜೊತೆ ಬೇಯಿಸಿ, ಬಸಿದ ನೀರಲ್ಲೇ ಉಪ್ಸಾರು. ಸೊಪ್ಪಿನ ಫೋಲೇಟ್ (ರಕ್ತಕ್ಕೆ ಬೇಕಾದ ಒಂದು ಬಿ ವಿಟಮಿನ್) ಬೇಯುವಾಗ ನೀರಿಗೆ ಇಳಿಯುತ್ತದೆ, ಆ ನೀರು ಚೆಲ್ಲಿದರೆ ಅದೂ ಹೋಯಿತು, ಇಲ್ಲಿ ಅದು ಮುದ್ದೆಯ ಜೊತೆ ಹೊಟ್ಟೆಗೇ ಹೋಗುತ್ತದೆ.

ಪ್ರತಿ ಪುಟಕ್ಕೂ ಕಬ್ಬಿಣದ ಅಂಶ ಸೇರಿಸುವುದು ಮೊದಲಿನ ಯೋಜನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಲ್ಲಿ 528 ಆಹಾರಗಳಿವೆ, ಸಿಕ್ಕಷ್ಟು ಅದರಿಂದ ತೆಗೆದುಕೊಳ್ಳುತ್ತಿದ್ದೇನೆ. ಆದರೆ ಅದು 100 ಗ್ರಾಂ ಹಸಿ ಸೊಪ್ಪಿನ ಲೆಕ್ಕ, ದೇಹಕ್ಕೆ ಎಷ್ಟು ಸಿಗುತ್ತದೆ ಅನ್ನುವುದರ ಲೆಕ್ಕವಲ್ಲ. ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು ಅಂತ 2020ರ ಶಿಫಾರಸು, ಸೊಪ್ಪಿನ ಕಬ್ಬಿಣವೋ ದೇಹಕ್ಕೆ ಸುಲಭವಾಗಿ ಹತ್ತುವುದಿಲ್ಲ. ಊಟದ ಜೊತೆ ನೆಲ್ಲಿಕಾಯಿಯೋ ನಿಂಬೆಯೋ ಇದ್ದರೆ ಜಾಸ್ತಿ ಹತ್ತುತ್ತದೆ, ಊಟ ಮುಗಿದ ಕೂಡಲೇ ಟೀ ಕುಡಿದರೆ ಕಮ್ಮಿ. ಹಾಗಾಗಿ ಈಗ "ಜೊತೆಗೆ ಏನು" ಅಂತ ಒಂದು ಕಾಲಂ ಇದೆ.

ಇನ್ನೊಂದು ಕಾಲಂ "ಯಾರ ತಟ್ಟೆಗೆ". ಕಿತ್ತ, ಸೋಸಿದ, ಬೇಯಿಸಿದ ಹೆಂಗಸರೇ ಕೊನೆಗೆ ಉಣ್ಣುತ್ತಾರೆ, ಪಲ್ಯ ಅಷ್ಟರಲ್ಲಿ ತಳ ಕಂಡಿರುತ್ತದೆ. ಇದು ಪೋಡಿನ ಕಥೆ ಮಾತ್ರ ಅಲ್ಲ ಬಿಡಿ, ನಮ್ಮನೆಯಲ್ಲೂ ಇದೇ ಅಲ್ವಾ? 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 57% ಮಂದಿಗೆ ರಕ್ತಹೀನತೆ. ಕಾಡಿನದ್ದೆಲ್ಲ ಅಮೃತ ಅಂತ ಬರೆಯುವವರು ಈ ತಟ್ಟೆಯ ವಿಷಯ ಎತ್ತುವುದೇ ಇಲ್ಲ, ಅದು ನನಗೆ ಸಿಟ್ಟು.

ಗೆಡ್ಡೆಯ ಪುಟ ನಿಧಾನ. ನೂರೆ ಗೆಣಸು ಹೊಟ್ಟೆ ತುಂಬಿಸುತ್ತದೆ, ಬಹುಪಾಲು ಪಿಷ್ಟ, ರಕ್ತಕ್ಕೆ ಬೇಕಾದ ಕಬ್ಬಿಣಕ್ಕೆ ಅದನ್ನು ನಂಬಿಕೊಂಡರೆ ಆಗದು. ಅಗೆಯುವ ಜಾಗವೂ ಕಮ್ಮಿಯಾಗಿದೆ, ಕಾಡಿನ ತುಂಬ ಲಂಟಾನ ಅನ್ನುವ ಮುಳ್ಳುಪೊದೆ. ತರಗು ಬೆಂಕಿ, ಅಂದರೆ ನೆಲದ ಒಣ ಎಲೆಗೆ ಹಾಕುವ ಬೆಂಕಿ, ನಿಲ್ಲಿಸಿದ ಮೇಲೆ ಇದು ಹೆಚ್ಚಿತು ಅನ್ನುವುದು ಸೋಲಿಗರ ಮಾತು. 2011ರಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು, ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಪೋಡುಗಳಿಗೆ ಕಾಡಿನ ಮೇಲಿನ ಸಮುದಾಯ ಹಕ್ಕುಪತ್ರವೂ ಸಿಕ್ಕಿತು. ಹಕ್ಕು ಕೈಯಲ್ಲಿದ್ದರೂ ಮುಳ್ಳುಪೊದೆ ದಾಟಿ ಗೆಣಸಿನ ಬಳ್ಳಿ ಹುಡುಕಲು ಅರ್ಧ ದಿನ ಬೇಕು, ಕೂಲಿಗೆ ಹೋಗುವವರಿಗೆ ಆ ಅರ್ಧ ದಿನ ಎಲ್ಲಿಂದ ಬರಬೇಕು? ಮುಂದಿನ ಪುಟದಿಂದ ಹುಡುಕಲು ಹಿಡಿಯುವ ಹೊತ್ತನ್ನೂ ಬರೆಯುತ್ತೇನೆ. ನೆಲ್ಲಿಕಾಯಿ ಪುಟ ಚಳಿಗಾಲಕ್ಕೆ.