ದೇವರಿಗೆ ಯಾಕೆ ಅಷ್ಟೊಂದು ಕೈ? ಕೊನೇ ಸಲ ಹೇಳ್ತೀನಿ

ನಾನು ಶಿಲ್ಪ, ಪುರಾಣ ಅಂತ ಓದಿಕೊಂಡು ಗುಡಿ ಗುಡಿ ಸುತ್ತುವವಳು ಅಂತ ಗೊತ್ತಾದರೆ ಸಾಕು, ಜನರಿಗೆ ಒಂದೇ ಪ್ರಶ್ನೆ ನೆನಪಾಗುತ್ತದೆ. ಮದುವೆ ಮನೆಯಲ್ಲಿ ಕೇಳಿದ್ದಾರೆ, ರೈಲಿನಲ್ಲಿ ಕೇಳಿದ್ದಾರೆ. ಒಮ್ಮೆ ಹಲ್ಲಿನ ಡಾಕ್ಟರು ನನ್ನ ಬಾಯಿ ತುಂಬ ಹತ್ತಿ ತುರುಕಿ ಕೇಳಿದರು: "ಅಲ್ಲಾ ಮೇಡಂ, ನಮ್ಮ ದೇವರಿಗೆ ಯಾಕೆ ಅಷ್ಟೊಂದು ಕೈ?" ಉತ್ತರ ಕೊಡದೆ ತಪ್ಪಿಸಿಕೊಂಡದ್ದು ಅದೊಂದೇ ಸಲ.

ಕೇಳಲಿ, ಅದಕ್ಕೆ ಬೇಜಾರಿಲ್ಲ. ಬೇಜಾರು ಕೇಳುವ ಧಾಟಿಗೆ. ಅರ್ಧ ಜನ "ಇದರಲ್ಲಿ ಲಾಜಿಕ್ ಏನಿದೆ?" ಅಂತ ಕಳ್ಳನನ್ನು ಹಿಡಿದವರ ಹಾಗೆ ಕೇಳುತ್ತಾರೆ. ಇನ್ನರ್ಧ ಜನ ಉತ್ತರವನ್ನು ಜೇಬಿನಲ್ಲೇ ಇಟ್ಟುಕೊಂಡು ಬಂದಿರುತ್ತಾರೆ. "ಕೈ ಜಾಸ್ತಿ ಅಂದ್ರೆ ಶಕ್ತಿ ಜಾಸ್ತಿ. ಸಿಂಬಾಲಿಕ್. ಅಲ್ವಾ?" ನಾನು ತಲೆ ಆಡಿಸಿದರೆ ಮುಗಿಯಿತು.

ಆಡಿಸುವುದಿಲ್ಲ. ರಾವಣನಿಗೆ ಇಪ್ಪತ್ತು ಕೈ, ರಾಮನಿಗೆ ಎರಡು. ಯಾರು ಗೆದ್ದರು? ಕಾರ್ತವೀರ್ಯನಿಗೆ ಸಾವಿರ ಕೈ, ಪರಶುರಾಮ ಅಷ್ಟನ್ನೂ ಕಡಿದು ಹಾಕಿದ. ಬಾಣಾಸುರನಿಗೂ ಸಾವಿರ. ಕೃಷ್ಣ ನಾಲ್ಕನ್ನು ಬಿಟ್ಟು ಉಳಿದದ್ದೆಲ್ಲ ಕತ್ತರಿಸಿದ ಅನ್ನುತ್ತದೆ ಭಾಗವತ. ನಮ್ಮ ಪುರಾಣಗಳಲ್ಲಿ ಕೈ ಜಾಸ್ತಿ ಇದ್ದವನ ಪಾಡು ಅಷ್ಟೇನೂ ಚೆನ್ನಾಗಿಲ್ಲ.

ಕೈಯ ಲೆಕ್ಕ ಇವನ್ನೆಲ್ಲ ಬರೆದವರಿಗೆ ಅಷ್ಟು ದೊಡ್ಡ ವಿಷಯವೂ ಆಗಿರಲಿಲ್ಲ. ಗೀತೆಯ ಹನ್ನೊಂದನೇ ಅಧ್ಯಾಯದಲ್ಲಿ ವಿಶ್ವರೂಪ ನೋಡಿ ಅರ್ಜುನ ನಡುಗುತ್ತಾನೆ. ಸಾವಿರ ತೋಳಿನವನೇ, ನಾಲ್ಕು ಕೈಯ ಆ ರೂಪಕ್ಕೇ ಬಾ ಅಂತ ಬೇಡಿಕೊಳ್ಳುತ್ತಾನೆ. ನಾಲ್ಕು ಕೈ ಅಂದರೆ ಅವನಿಗೆ ಮನೆಯವರ ಹಾಗೆ, ಪರಿಚಯದ ರೂಪ. ದೇವಿಯ ವಿಷಯದಲ್ಲಂತೂ ಲೆಕ್ಕ ಇನ್ನೂ ಸಲೀಸು. ದೇವಿಯ ಕತೆ ಹೇಳುವ ದುರ್ಗಾ ಸಪ್ತಶತಿಯ ಜೊತೆ ಓದುವ ವೈಕೃತಿಕ ರಹಸ್ಯ ಅನ್ನುವ ಭಾಗದಲ್ಲಿ ಒಂದು ಸಾಲಿದೆ: ಅವಳಿಗೆ ಇರುವುದು ಸಾವಿರ ಕೈ, ಆದರೂ ಹದಿನೆಂಟು ಕೈಯವಳಾಗಿ ಪೂಜಿಸಬೇಕು. ಮಾಡುವವನಿಗೂ ಕಷ್ಟ, ನೋಡುವವನಿಗೂ ಕಷ್ಟ, ಹದಿನೆಂಟು ಸಾಕು. ಹಾಗಂತ ನಾನು ಓದಿಕೊಳ್ಳುತ್ತೇನೆ.

"ಫಾರಿನರ್ಸ್ ನಗ್ತಾರೆ" ಅನ್ನುವವರಿಗೂ ಒಂದು ಮಾತು. ನಗುತ್ತಿದ್ದರು, ನಿಜ. 1913ರಲ್ಲೇ ಕಲಾ ಇತಿಹಾಸಕಾರ ಆನಂದ ಕುಮಾರಸ್ವಾಮಿ ಲಂಡನ್ನಿನ ಕಲಾ ಪತ್ರಿಕೆ ಬರ್ಲಿಂಗ್ಟನ್ ಮ್ಯಾಗಜೀನ್‌ನಲ್ಲಿ ಬಹುಭುಜ ಮೂರ್ತಿಗಳ ಬಗ್ಗೆಯೇ ಲೇಖನ ಬರೆದು ಅವರಿಗೆ ಉತ್ತರ ಕೊಟ್ಟರು. ನೂರು ವರ್ಷ ದಾಟಿತು. ನಮ್ಮವರು ಇನ್ನೂ ಅದೇ ಪ್ರಶ್ನೆ ಹಿಡಿದು ಕೂತಿದ್ದಾರೆ. ಎರಡು ಕೈಯ ಜೊತೆ ಎರಡು ರೆಕ್ಕೆ ಇರುವ ದೇವದೂತನನ್ನು ನೋಡಿ ಯಾರೂ ಲಾಜಿಕ್ ಕೇಳುವುದಿಲ್ಲ, ಅದು ಬೇರೆ ಮಾತು.

ಇನ್ನು ಬಾದಾಮಿ. ನನ್ನ ತಾಳ್ಮೆ ಮುಗಿದದ್ದು ಅಲ್ಲಿ.

ಒಂದನೇ ಗುಹೆಯ ಬಾಗಿಲಿನ ಪಕ್ಕದ ಬಂಡೆಯಲ್ಲಿ ಹದಿನೆಂಟು ಕೈಯ ಶಿವ ಕುಣಿಯುತ್ತಿದ್ದಾನೆ. ಆರನೇ ಶತಮಾನದ ಚಾಲುಕ್ಯರ ಕೆಲಸ. ನಮ್ಮ ಗುಂಪಿನಲ್ಲಿದ್ದ ಒಬ್ಬರು ಬೆರಳು ತೋರಿಸಿ ಎಣಿಸಲು ಶುರು ಮಾಡಿದರು. ಹದಿನೇಳು ಬಂತು. ಮತ್ತೆ ಎಣಿಸಿದರು, ಹತ್ತೊಂಬತ್ತು. ಅಷ್ಟರಲ್ಲಿ ಗೈಡ್ ಬಂದ. ಎಡಕ್ಕೆ ಒಂಬತ್ತು, ಬಲಕ್ಕೆ ಒಂಬತ್ತು, ಎಡದ್ದೊಂದು ಬಲದ್ದೊಂದು ಬಿಟ್ಟು ಉಳಿದವನ್ನು ಮನಸ್ಸಿನಲ್ಲೇ ಮುಚ್ಚಿಕೊಂಡರೆ ಒಟ್ಟು ಎಂಬತ್ತೊಂದು ಭಂಗಿ ಅಂದ. ಒಂಬತ್ತೊಂಬತ್ತಲೆ ಎಂಬತ್ತೊಂದು, ಮಗ್ಗಿ ಸರಿಯಾಗಿಯೇ ಇದೆ. ಎಲ್ಲರೂ "ಓಹೋ" ಅಂದರು, ಫೋಟೋ ತೆಗೆದರು, ಮುಂದಕ್ಕೆ ಹೋದರು. ಶಿವನ ಕಾಲ ಬಳಿ ಪುಟ್ಟ ಗಣಪತಿ ಇದ್ದಾನೆ, ಮದ್ದಳೆ ಬಾರಿಸುವವನಿದ್ದಾನೆ, ಹಿಂದೆ ನಂದಿ. ಯಾರೂ ನೋಡಲಿಲ್ಲ. ಆ ತೋಳುಗಳು ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿವೆ, ಸೊಂಟ ಒಂದು ಕಡೆ ವಾಲಿದೆ, ಅಷ್ಟೆಲ್ಲ ಆಗಿಯೂ ಮೈ ಒಂದೇ ಅನ್ನಿಸುತ್ತದೆ. ಅದನ್ನೂ ನೋಡಲಿಲ್ಲ. ಎಣಿಸಿದವರು ಇಳಿಯುವ ಮೆಟ್ಟಿಲ ಮೇಲೆ ನನ್ನ ಕಡೆ ತಿರುಗಿ, "ಆದ್ರೂ ಇಷ್ಟು ಕೈ ಯಾಕೆ ಅಂತೀನಿ" ಅಂದರು. ನಾನು ಚಪ್ಪಲಿ ಹುಡುಕುವ ನೆಪ ಮಾಡಿದೆ.

ಮರುದಿನ ಐಹೊಳೆ. ಅಲ್ಲಿನ ದುರ್ಗಾ ಗುಡಿಗೆ ಆ ಹೆಸರು ಬಂದದ್ದು ದೇವಿಯಿಂದಲ್ಲ, ಪಕ್ಕದಲ್ಲಿದ್ದ ಕೋಟೆಯಿಂದ. ಆದರೂ ಸುತ್ತಿನ ಮೊಗಸಾಲೆಯ ಒಂದು ಗೂಡಿನಲ್ಲಿ ಎಂಟು ಕೈಯ ಮಹಿಷಮರ್ದಿನಿ ನಿಂತಿದ್ದಾಳೆ. ಜೊತೆಗಿದ್ದ ನಮ್ಮ ದೊಡ್ಡಮ್ಮ ನಲವತ್ತು ವರ್ಷ ಹೊಲಿಗೆ ಮಿಷನ್ ತುಳಿದವರು. ಕಣ್ಣು ಕಿರಿದು ಮಾಡಿ ನೋಡಿ ಕೇಳಿದರು: "ಅಲ್ಲ ಕಣೇ, ಇವಳಿಗೆ ರವಿಕೆ ಹೊಲಿಯೋದಾದ್ರೆ ತೋಳು ಎಲ್ಲಿ ಕೂರಿಸೋದು? ಕಂಕುಳು ಒಂದೇ ಇದೆಯಲ್ಲ!"

ಇಷ್ಟು ವರ್ಷದಲ್ಲಿ ನನಗೆ ಸಿಕ್ಕ ಅತಿ ಒಳ್ಳೆಯ ಪ್ರಶ್ನೆ ಅದು. ಯಾಕೆಂದರೆ ಕಲ್ಲು ಕೆತ್ತಿದವನಿಗೂ ಅದೇ ತಲೆನೋವು. ಎಂಟು ಭುಜ ಮಾಡಿದರೆ ಜೇಡ ಆಗುತ್ತದೆ. ಅದಕ್ಕೆ ಮುಂದಿನ ಎರಡು ಕೈಗೆ ಮಾತ್ರ ಸರಿಯಾದ ಭುಜ ಕೊಟ್ಟು ಉಳಿದವು ಅದರ ಹಿಂದಿನಿಂದ ಮೂಡಿ ಬಂದ ಹಾಗೆ ಮಾಡುತ್ತಾನೆ. ಕೀಲು ಎಲ್ಲಿದೆ ಅಂತ ಹುಡುಕಿದರೆ ಸಿಗುವುದಿಲ್ಲ. ಹುಡುಕಬೇಕು ಅಂತ ಅನ್ನಿಸುವುದೂ ಇಲ್ಲ, ನಮ್ಮ ದೊಡ್ಡಮ್ಮನ ಹಾಗೆ ಕತ್ತರಿ ಹಿಡಿದವರಿಗೆ ಬಿಟ್ಟು.

ಯಕ್ಷಗಾನ ನೋಡಿ. ದೇವಿ ಮಹಾತ್ಮೆ ಪ್ರಸಂಗದಲ್ಲಿ ಮಹಿಷಾಸುರ ಕೋಡು ಕಟ್ಟಿಕೊಂಡು, ದೀವಟಿಗೆ ಬೆಳಕಿನಲ್ಲಿ ಅಬ್ಬರಿಸುತ್ತ ಜನರ ನಡುವಿನಿಂದಲೇ ಬರುತ್ತಾನೆ. ದೇವಿಯ ವೇಷದವರಿಗೆ ಎರಡೇ ಕೈ. ಬೆಳಗಿನ ತನಕ ಕೂತ ಜನರಲ್ಲಿ ಒಬ್ಬರಾದರೂ "ಉಳಿದ ಆರು ಎಲ್ಲಿ?" ಅಂದದ್ದುಂಟಾ? ವೇಷಧಾರಿಗೆ ರಾತ್ರಿಯಿಡೀ ಸಮಯವಿದೆ. ಎರಡೇ ಕೈಯಲ್ಲಿ ಒಮ್ಮೆ ಬಿಲ್ಲು, ಒಮ್ಮೆ ಶೂಲ, ಒಮ್ಮೆ ಅಭಯ. ಕಲ್ಲಿಗೆ ಇರುವುದು ಒಂದೇ ಕ್ಷಣ. ಎಲ್ಲವನ್ನೂ ಅದೊಂದರಲ್ಲೇ ಇಡಬೇಕು. ನಿಮಗೆ ಬೇಕಾಗಿದ್ದ ಉತ್ತರ ಇಷ್ಟೇ. ತೆಗೆದುಕೊಂಡು ಹೋಗಿ.

ಹೋಗದೆ ಉಳಿದವರಿಗೆ, ನೀವು ಕೇಳಬೇಕಿದ್ದ ಪ್ರಶ್ನೆ ಹೇಳುತ್ತೇನೆ. ಅಷ್ಟು ಕೈಯಲ್ಲಿ ಅಷ್ಟು ಆಯುಧ ಹಿಡಿದು ಕೊಲ್ಲುತ್ತಿರುವವಳ ಮುಖ ಯಾಕೆ ಅಷ್ಟು ತಣ್ಣಗಿದೆ?

ನಾಟ್ಯಶಾಸ್ತ್ರದ ಆರನೇ ಅಧ್ಯಾಯದಲ್ಲಿ ಭರತ ರಸಗಳನ್ನು ಒಂದೊಂದಾಗಿ ಹೇಳುತ್ತಾನೆ. ರೌದ್ರದ ಬೇರು ಕ್ರೋಧ. ಅದು ರಾಕ್ಷಸರಿಗೆ, ದಾನವರಿಗೆ, ಸೊಕ್ಕಿದ ಮನುಷ್ಯರಿಗೆ ಸೇರಿದ್ದು. ರಾಕ್ಷಸರಿಗೆ ಅದು ಹುಟ್ಟುಗುಣ ಯಾಕೆ ಅಂದರೆ, ಅವರಿಗೆ ಬಹಳ ಕೈ, ಬಹಳ ಬಾಯಿ, ಕೆದರಿದ ಕೂದಲು ಅನ್ನುತ್ತಾನೆ. ಗಮನಿಸಿ, ಬಹಳ ಕೈ ರಾಕ್ಷಸರ ಗುರುತು! ವೀರವೇ ಬೇರೆ. ಅದು ಉತ್ತಮ ಸ್ವಭಾವದವರದು, ಅದರ ಬೇರು ಉತ್ಸಾಹ. ಸಿಟ್ಟಲ್ಲ.

ಈಗ ಕೈಗಳನ್ನು ಮುಚ್ಚಿ ಆಚೆ ಇಡಿ. ಕೈ ನೋಡಿದರೆ ದೇವಿಗೂ ರಾಕ್ಷಸನಿಗೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಗೊತ್ತಾಗುವುದು ಮುಖದಲ್ಲಿ, ಅಲ್ಲಿರುವುದು ರೌದ್ರವೋ ವೀರವೋ ಅಂತ. ಮಹಾಬಲಿಪುರದ ಮಹಿಷಮರ್ದಿನಿ ಮಂಟಪದಲ್ಲಿ ಇದು ಸ್ಪಷ್ಟ. ಸಿಂಹದ ಮೇಲೆ ಕೂತು ಬಿಲ್ಲು ಎಳೆದಿದ್ದಾಳೆ. ಎದುರಿಗೆ ಕೋಣನ ತಲೆಯ ದೈತ್ಯ, ಅವನಿಗೆ ಎರಡೇ ಕೈ. ಎರಡರಲ್ಲೂ ಗದೆ ಹಿಡಿದು ಹಿಂದಕ್ಕೆ ವಾಲುತ್ತಿದ್ದಾನೆ. ಎಂಟು ಕೈಯೂ ಕೆಲಸದಲ್ಲಿರುವ ಅವಳ ಹುಬ್ಬು ಗಂಟಿಕ್ಕಿಲ್ಲ. ದಾರಕ್ಕೆ ಹೂವು ಪೋಣಿಸುವವಳ ಮುಖದ ಹಾಗಿದೆ. ಎಲ್ಲ ಕಡೆ ಹೀಗೇ ಅಂತ ನಾನು ಹೇಳುತ್ತಿಲ್ಲ. ಕೋರೆಹಲ್ಲಿನ ಚಾಮುಂಡಿಯೂ ನಮ್ಮವಳೇ. ಆದರೆ ಹೀಗೆ ಮಾಡಿದವನು ಯಾಕೆ ಹೀಗೆ ಮಾಡಿದ ಅಂತ ಕೇಳಬಹುದಲ್ಲ.

ಸಪ್ತಶತಿಯ ಪ್ರಕಾರ ದೇವತೆಗಳ ತೇಜಸ್ಸೆಲ್ಲ ಸೇರಿ ಅವಳು ಆದಳು. ಮುಖ ಬಂದದ್ದು ಶಿವನ ತೇಜಸ್ಸಿನಿಂದ, ತೋಳುಗಳು ವಿಷ್ಣುವಿನದರಿಂದ. ಯುದ್ಧ ಮುಗಿದ ಮೇಲೆ, ನಾಲ್ಕನೇ ಅಧ್ಯಾಯದಲ್ಲಿ, ದೇವತೆಗಳು ಕೈ ಮುಗಿದು ನಿಂತು ಹೊಗಳುತ್ತಾರೆ. ಅವರಿಗೆ ಆಶ್ಚರ್ಯ ಆದದ್ದು ಕೈಗಳ ಬಗ್ಗೆ ಅಲ್ಲ. ಸಣ್ಣ ನಗುವಿರುವ, ತುಂಬು ಚಂದ್ರನ ಹಾಗಿರುವ ಈ ಮುಖವನ್ನು ನೋಡಿದ ಮೇಲೂ ಮಹಿಷಾಸುರ ಸಿಟ್ಟಿನಿಂದ ಹೊಡೆದನಲ್ಲ, ಎಂಥ ವಿಚಿತ್ರ ಅನ್ನುತ್ತಾರೆ.

ಮುಖವನ್ನು ನೋಡಿದ ಅಂತಲೇ ಶ್ಲೋಕದಲ್ಲಿದೆ. ನನಗೆ ಅನುಮಾನ. ಅವನೂ ಕೈ ಎಣಿಸುತ್ತ ನಿಂತಿದ್ದಿರಬೇಕು.